ಅವಳ ಕಣ್ಣು ನೋಡಲೊಲ್ಲದವನು

“ನನ್ನ ಕಣ್ಣಲ್ಲ... ಕಿವಿ ನೋಡಿ ಅಂದೆ!”

ಕಣ್ಣು ಪರೀಕ್ಷಿಸುವ ಯಂತ್ರದ ಮೇಲೆ ಗದ್ದ ಊರಿ ಕೂತಿದ್ದ ಅವಳು ನಾಚಿ ನೀರಾದಳು. ನೋಟ ಅಲುಗದಿರಲೆಂದು ತನ್ನ ಕಿವಿಯನ್ನೇ ದಿಟ್ಟಿಸಲು ಹೇಳಿದ್ದ ಕಣ್ಣಾಸ್ಪತ್ರೆಯ ಆ ಪರೀಕ್ಷಕನ ಕಿವಿಯೂ ಕೆಂಪಾಗಿತ್ತು.

ಅವಳು ಹೊಲಿಗೆ ಅಂಗಡಿಯವಳು. ಕುತ್ತಿಗೆಯ ಗ್ರಂಥಿಗಳು ಊದಿಕೊಂಡು ಜ್ವರ ಬರುವ ಕಾಯಿಲೆ. ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ಹಾಜರ್! ಗಂಟಿನ ಚೂರು ತೆಗೆದು ಪರೀಕ್ಷಿಸಿದ ಡಾಕ್ಟರು, “ಕ್ಯಾನ್ಸರ್ ಅಲ್ಲ, ಕ್ಷಯವೂ ಅಲ್ಲ, ಉರಿಯೂತ ಅಷ್ಟೇ” ಎಂದು ಮಾತ್ರೆ ಬರೆದಿದ್ದರು. ಬಹುಕಾಲ ನುಂಗಿದರೆ ಅಪರೂಪಕ್ಕೆ ಕಣ್ಣಿಗೆ ತೊಂದರೆಯಾಗಬಹುದು. ಅದಕ್ಕೇ ಈ ತಪಾಸಣೆ.

“ಸೂಜಿಗೆ ದಾರ ಪೋಣಿಸೋ ಕಣ್ಣು ಸರ್ ನಂದು...”

“ಕಣ್ಣು ಚೆನ್ನಾಗಿದೆ. ಧೈರ್ಯವಾಗಿ ಮಾತ್ರೆ ತಗೊಳ್ಳಿ. ವರ್ಷ ಬಿಟ್ಟು ಬನ್ನಿ.”

ಅವನು ಮಾತ್ರ ವರ್ಷ ಕಾಯಲಿಲ್ಲ! ವಾರಕ್ಕೊಂದರಂತೆ ಗುಂಡಿ ಬಿದ್ದ ಅಂಗಿ ಹಿಡಿದು ಅಂಗಡಿಗೇ ಬರತೊಡಗಿದ.

“ಈ ಪುಣ್ಯಾತ್ಮನ ಗುಂಡಿ ತಾನಾಗೇ ಬೀಳತ್ತೋ, ಕತ್ತರಿ ಬೀಳಿಸತ್ತೋ?” ಜೊತೆಗೆ ಹೊಲಿಯುವ ಅತ್ತಿಗೆ ಕಿಚಾಯಿಸುತ್ತಿದ್ದಳು.

“ಸುಮ್ನಿರಿ ಅತ್ತಿಗೆ!”

ನಗುತ್ತಿದ್ದಳು, ಆದರೆ ಒಳಗೊಳಗೇ ಭಯ. ‘ಗಂಟು ಮತ್ತೆ ಬಂದರೆ? ಕಾಯಿಲೆಯವಳನ್ನು ಯಾರು ಕಟ್ಟಿಕೊಳ್ಳುತ್ತಾರೆ...?’

ಮಾತ್ರೆ ಹಿಡಿಯಿತು. ವರ್ಷವಿಡೀ ಜ್ವರ ಅತ್ತ ಸುಳಿಯಲಿಲ್ಲ. ಮರುತಪಾಸಣೆಗೆ ಅವಳು ಹೊಸ ಕುಪ್ಪಸ ತೊಟ್ಟು ಹೊರಟಳು.

ಅವಳನ್ನು ಕಂಡದ್ದೇ ತಡ, ಅವನು ಸಹೋದ್ಯೋಗಿಯನ್ನು ಕರೆದ. “ಇವರನ್ನ ನೀವೇ ನೋಡಿ ಮೇಡಂ. ನನ್ನಿಂದಾಗಲ್ಲ.” ಹೊರಟೇಹೋದ!

ಅವಳ ಎದೆ ಧಸಕ್ಕೆಂದಿತು. ‘ರೋಗಿ ಅನ್ನೋದು ಈಗ ನೆನಪಾಯಿತಾ?’

ತಪಾಸಣೆ ಮುಗಿಸಿ ಹೊರಗಿನ ಬೆಂಚಿನಲ್ಲಿ ಕೂತಳು. ಕಣ್ಣಿಗೆ ಹನಿ ಹಾಕಿದ್ದರಿಂದ ಗೋಡೆ, ಜನ ಎಲ್ಲ ಮಸುಕು. ಪಕ್ಕದಲ್ಲಿ ಯಾರೋ ಬಂದು ಕೂತರು.

“ರಿಪೋರ್ಟ್ ಹೇಗಿದೆ?” ಅವನದೇ ದನಿ.

“ಚೆನ್ನಾಗಿದೆ. ನಿಮಗ್ಯಾಕೆ? ನಿಮ್ಮಿಂದಾಗಲ್ವಲ್ಲ!”

“ಅಯ್ಯೋ... ನಮ್ಮಲ್ಲಿ ಮನೆಯವರ ಕಣ್ಣನ್ನ ನಾವೇ ಪರೀಕ್ಷೆ ಮಾಡೋ ಹಾಗಿಲ್ಲ ರೀ. ಎಲ್ಲ ಸರಿಯಿರಲಿ ಅನ್ನೋ ಆಸೇಲಿ, ದೋಷ ಇದ್ರೂ ಕಾಣಿಸ್ದೇ ಹೋಗತ್ತೆ.”

“ನಾನ್ಯಾವಾಗ ನಿಮ್ಮನೆಯವಳಾದೆ?”

“ನನ್ನ ಲೆಕ್ಕದಲ್ಲಿ... ಮೊದಲನೇ ಗುಂಡಿ ಕಿತ್ಕೊಂಡಾಗಲೇ.”

ಉಕ್ಕಿದ ನಗುವನ್ನು ತಡೆದಳು. “ಗಂಟು ಮತ್ತೆ ಬರಬಹುದು. ಡಾಕ್ಟರೇ ಹೇಳಿದಾರೆ.”

“ಬಂದ್ರೆ ಬರಲಿ, ಮತ್ತೆ ಔಷಧಿ ಮಾಡಿಸೋಣ. ಜ್ವರದಲ್ಲಿ ನೀವು ಸಿಡುಕಿ, ನಾನು ಬೈಸ್ಕೋತೀನಿ.”

ಅವಳು ತಡಕಾಡಿ ಅವನ ತೋಳು ಹಿಡಿದು, ತನ್ನ ಫೋನನ್ನು ಅವನ ಕೈಗಿಟ್ಟಳು.

“ಅತ್ತಿಗೆಗೆ ಫೋನ್ ಮಾಡಿ. ನನ್ನ ಕರ್ಕೊಂಡು ಹೋಗೋಕೆ ಬರೋದು ಬೇಡ ಅನ್ನಿ.”

“ಯಾಕೆ ಅಂತ ಕೇಳಿದ್ರೆ?”

“ನಮ್ಮನೆಯವರೇ ಕರ್ಕೊಂಡು ಬರ್ತಾರೆ ಅನ್ನಿ!”