ಯಾರೋ ಕೂಡಿಸಿದ ಎಳೆ

ಕಾಂಚನಾ ಹಳದಿ ಪಟ್ಟಿಯನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಒಂದು ತುದಿಯ ಉಕ್ಕಿನ ರಿಂಗಿನಿಂದ ಶುರು ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ನಿಧಾನವಾಗಿ ಇನ್ನೊಂದು ತುದಿಯ ರಿಂಗಿನವರೆಗೆ. ಆಮೇಲೆ ತಿರುವಿ ಹಾಕಿ ಮತ್ತೆ ಹಾಗೆಯೇ. ಶೆಡ್ಡಿನ ಮೂಲೆಯಲ್ಲಿ ಮುತ್ತವ್ವ ಚಹಾದ ಪಾತ್ರೆ ತಿಕ್ಕುತ್ತಿದ್ದಳು. ಹೊರಗೆ ಬ್ಯಾರೇಜಿನ ಗೇಟುಗಳಿಗೆ ಬಣ್ಣ ಹೊಡೆಯುವವರು ಒಬ್ಬೊಬ್ಬರಾಗಿ ಇಳಿಯುತ್ತಿದ್ದರು.

ಅವರ ಜೀವವೆಲ್ಲ ಈ ಪಟ್ಟಿಯ ಮೇಲೆ. ಇದಕ್ಕೆ ಆಂಕರ್ ಪಟ್ಟಿ ಅನ್ನುತ್ತಿದ್ದರು. ತಲೆಯ ಮೇಲಿನ ಕಬ್ಬಿಣದ ತೊಲೆಗೆ ಸುತ್ತಿ, ಎರಡೂ ರಿಂಗು ಕೂಡಿಸಿ, ಮೈಗೆ ಕಟ್ಟಿದ ಬೆಲ್ಟಿನ ಕೊಕ್ಕೆಯನ್ನು ಅದರಲ್ಲಿ ಸಿಕ್ಕಿಸಬೇಕು. ಕಾಲು ಜಾರಿದರೆ ಹಿಡಿಯುವುದು ಅದೇ. ಸಂಜೆ ಎಲ್ಲ ಪಟ್ಟಿಗಳನ್ನೂ ಒರೆಸಿ, ನೆರಳಿನಲ್ಲಿ ಒಣಗಿಸಿ, ಎಲ್ಲಾದರೂ ಕೊಯ್ದಿದೆಯೇ ಸುಟ್ಟಿದೆಯೇ ಎಂದು ನೋಡಿ ಗೂಟಕ್ಕೆ ಹಾಕುವುದು ಕಾಂಚನಾಳ ಕೆಲಸ. ಏಳನೇ ಇಯತ್ತೆಗೆ ಸಾಲೆ ಬಿಟ್ಟ ರಬಕವಿಯ ನೇಕಾರರ ಹುಡುಗಿಗೆ ಇದು ಒಲ್ಲದ ಕೆಲಸವೇನೂ ಆಗಿರಲಿಲ್ಲ. ಮಾತಾಡಬೇಕಿರಲಿಲ್ಲ, ನೋಡಿದರೆ ಸಾಕಿತ್ತು.

ಬೆರಳು ಒಂದು ಕಡೆ ನಿಂತಿತು.

ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿಗೆ ಮಾತ್ರ ಅಲ್ಲಿ ನೇಯ್ಗೆ ಒಂದು ಚೂರು ಬಿಗಿ ಅನಿಸಿತು. ಉಗುರಿನಿಂದ ಬಿಡಿಸಿ ನೋಡಿದಳು. ಹರಿದ ಎಳೆಗಳನ್ನು ಯಾರೋ ಸೂಜಿಯಿಂದ ಎತ್ತಿ, ಉದ್ದೆಳೆಯ ಹಾಸಿನೊಳಗೆ ಅಡ್ಡೆಳೆಯ ಹೊಕ್ಕು ಸೇರಿಸಿ, ಗಂಟು ಕಾಣದಂತೆ ಕೂಡಿಸಿದ್ದರು. ರಿಂಗಿನ ಹತ್ತಿರದ ನೀಲಿ ಬಣ್ಣದ ಹನಿ ಕಂಡು ಗುರುತು ಸಿಕ್ಕಿತು. ಇದು ಗೇಟಿನ ಅಂಚಿಗೆ ಸಿಕ್ಕು ಕೊಯ್ದಿದ್ದ ಪಟ್ಟಿ. ಹೋದ ವಾರ ತಾನೇ ಇದನ್ನು ರದ್ದಿ ಚೀಲಕ್ಕೆ ಹಾಕಿದ್ದಳು.

ಇವತ್ತು ಇದನ್ನು ಕಟ್ಟಿಕೊಂಡು ಹತ್ತಿದವನು ವಿಜಯ. ಬನಹಟ್ಟಿಯ ನೇಕಾರರ ಹುಡುಗ. ಆ ಸೈಟಿನಲ್ಲಿ ಇಂಥ ಕೈ ಎರಡೇ ಎಂದು ಅವಳಿಗೆ ಗೊತ್ತಿತ್ತು. ಒಂದು ತನ್ನದು.

"ಏನ್ರೀ, ನನ್ನ ಪಟ್ಟಿ ಅಷ್ಟೊತ್ತು ಹಿಡಕೊಂಡು ಕುಂತೀರಿ?"

ವಿಜಯ ಬಾಗಿಲಿಗೆ ಒರಗಿ ನಿಂತಿದ್ದ. ಅವಳು ತಲೆ ಎತ್ತಲಿಲ್ಲ, ಅವನ ಕೈ ನೋಡಿದಳು. ಉಗುರಿನ ಸುತ್ತ ಬೂದು ಬಣ್ಣ.

"ತಿನ್ನರ್ ವಾಸನಿ ಬರಾಕತ್ತೈತಿ."

"ಬಣ್ಣ ತೊಳಿಯಾಕ ಕೈಗೆ ಹಚ್ಚೀನ್ರಿ, ಪಟ್ಟಿಗಲ್ಲ. ತಿನ್ನರ್ ನೂಲು ತಿಂತೈತಿ ಅಂತ ನೀವ ಹೇಳೀರಲ್ಲ."

"ಎಂಜಿನಿಯರ್ ಸಾಹೇಬ್ರು ಹೇಳ್ಯಾರ."

"ಸಾಹೇಬ್ರ ಹೇಳಿದ್ದು ನನಗ ಕೇಳಿಸಿಲ್ಲ. ನೀವು ಹೇಳಿದ್ದು ಕೇಳಿಸೇತಿ."

ಬೇರೆ ದಿನವಾಗಿದ್ದರೆ ಈ ಮಾತನ್ನು ಮನೆಗೆ ಒಯ್ದು, ಅಡುಗೆ ಮಾಡುತ್ತಾ ಎಷ್ಟು ಸಲ ತಿರುವಿ ನೋಡುತ್ತಿದ್ದಳೋ. ಇವತ್ತು ಅವನ ನಗೆ ಬೇಕಾದದ್ದಕ್ಕಿಂತ ಸಿಹಿಯಾಗಿ ಕಂಡಿತು. ಪಟ್ಟಿ ಕೆಡಿಸಿದವನು ಹೊಸದು ಬರುವತನಕ ಮನೆಯಲ್ಲಿ ಕೂರಬೇಕೆಂದು ಸ್ಟೋರು, ಕೆಲಸ ಎರಡನ್ನೂ ನೋಡಿಕೊಳ್ಳುವ ಅಮಸಿದ್ದಪ್ಪ ಎಲ್ಲರನ್ನೂ ಹೆದರಿಸಿದ್ದ. ಅದಕ್ಕೇ ಇವನು ಕದ್ದು ಕೂಡಿಸಿರಬೇಕು.

"ಮಗ್ಗ ಬಿಟ್ಟು ಭಾಳ ದಿನ ಆತೇನ್ರಿ?" ಎಂದಳು.

"ಯಾಕ್ರಿ?"

"ಸುಮ್ನ. ಕೈ ಮರತಿರಬೇಕು."

ವಿಜಯ ಪಟ್ಟಿ ನೋಡಿದ. ಆಮೇಲೆ ಅವಳ ಬೆರಳು ನೋಡಿದ, ಬಹಳ ಹೊತ್ತು. "ಕೈ ಮರೆಯಂಗಿಲ್ಲ. ನಿಮ್ಮ ಕೈನೂ ಮರತಂಗಿಲ್ಲ."

ಅದು ಹೊಗಳಿಕೆಯಂತಿರಲಿಲ್ಲ. ಏನನ್ನೋ ತೂಗಿ ನೋಡಿದಂತಿತ್ತು. ಬಸ್ಸಿನ ಹಾರ್ನ್ ಕೇಳಿತು. ಅವನು ಅತ್ತ ತಿರುಗಿದ ಕೂಡಲೇ ಅವಳು ಪಟ್ಟಿಯನ್ನು ತನ್ನ ಕೈಚೀಲಕ್ಕೆ ತುರುಕಿದಳು. ಸ್ಟೋರಿನಲ್ಲಿ ಹೇಳಿದರೆ ಅವನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವನ ಜೀವ. ಈ ಯೋಚನೆಯಲ್ಲಿ ಉಳಿದ ಪಟ್ಟಿಗಳನ್ನು ಅವಳ ಬೆರಳು ಅಂದು ಮುಟ್ಟಲೇ ಇಲ್ಲ.

ದಿನಾ ಬಸ್ಸಿನಲ್ಲಿ ಅವನು ಮುಂದೆ ಕಂಬ ಹಿಡಿದು ನಿಲ್ಲುತ್ತಿದ್ದ. ಅವಳು ಹೆಂಗಸರ ಸೀಟಿನಿಂದ ಡ್ರೈವರನ ಕನ್ನಡಿಯಲ್ಲಿ ಅವನನ್ನು ಕದ್ದು ನೋಡುತ್ತಿದ್ದಳು: ಗಾಳಿಗೆ ಹಾರುವ ಕೂದಲು, ಕಂಡಕ್ಟರನೊಡನೆ ಚೇಷ್ಟೆ, ಬಾಯ್ತುಂಬ ನಗೆ. ಈ ಬೇಸಿಗೆಯೆಲ್ಲ ಅವಳಿಗಿದ್ದ ಸುಖ ಅದೊಂದೇ. ಇವತ್ತು ಕನ್ನಡಿ ನೋಡಿದರೆ ಅವನೇ ಅವಳನ್ನು ನೋಡುತ್ತಿದ್ದ. ನಗೆ ಇರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮರುದಿನ ಬೆಸುಗೆಯ ಕಿಡಿ ಬಿದ್ದು ಸುಟ್ಟ ಪಟ್ಟಿಯೊಂದು ಬಂತು. ಕಾಂಚನಾ ಅದನ್ನು ಎಲ್ಲರಿಗೂ ಕಾಣುವಂತೆ ರದ್ದಿ ಚೀಲಕ್ಕೆ ಹಾಕಿದಳು. ಮಧ್ಯಾಹ್ನ ಎಲ್ಲರೂ ರೊಟ್ಟಿ ಗಂಟು ಬಿಚ್ಚಿದಾಗ, ಶೆಡ್ಡಿನ ಹಿಂದಿನ ಬಾಗಿಲಿನಿಂದ ಒಳಗೆ ಬಂದು ಬಣ್ಣದ ಡ್ರಮ್ಮುಗಳ ಹಿಂದೆ ಸರಿದಳು.

ಅಲ್ಲಿ ಮೊದಲೇ ಯಾರೋ ಕೂತಿದ್ದರು.

"ನೀವ್ಯಾಕ ಇಲ್ಲಿ?" ಎಂದಳು, ಎದೆ ಹಿಡಿದುಕೊಂಡು.

"ಮೆಲ್ಲಕ ಮಾತಾಡ್ರಿ," ಎಂದ ವಿಜಯ. "ಕಳ್ಳರನ್ನ ಕಾಯಾಕತ್ತೇನಿ."

"ನಾನೂ ಅದಕ್ಕ ಬಂದೀನಿ."

"ಯಾರನ್ನ ಕಾಯಾಕತ್ತೀರಿ?"

ಅವಳು ಅವನನ್ನೇ ನೋಡಿದಳು. ಅವನಿಗೆ ತಿಳಿಯಿತು.

"ನನ್ನ? ಭೇಷ್ ಆತು. ನಾ ನಿಮ್ಮನ್ನ ಕಾಯಾಕತ್ತಿದ್ನಲ್ಲ. ಹೊಸಾವು ತರಸೂದು ಬ್ಯಾಡಂತ ಅಮಸಿದ್ದಪ್ಪ ನಿಮ್ಮ ಕಡೀಂದ ಹರದವು ಕೂಡಸಾಕತ್ತಾನ ಅಂತ ತಿಳದಿದ್ದೆ. ಇಲ್ಲಿ ಅಂಥಾ ಕೈ ಮತ್ಯಾರ್ದು ಐತಿ?"

"ನಿಮ್ದ ಐತಿ."

"ನನ್ನ ಕೈಗೆ ಅಷ್ಟು ಸಣ್ಣ ಕೆಲಸ ಬಂದಿದ್ರ ನಾ ಯಾಕ ಬಣ್ಣ ಬಳೀತಿದ್ದೆ?"

ಎರಡು ಡ್ರಮ್ಮುಗಳ ನಡುವೆ ಜಾಗ ಇಕ್ಕಟ್ಟು. ಅವನ ಮೊಣಕೈ ತಾಗಬಾರದೆಂದು ಅವಳು ಉಸಿರು ಸಣ್ಣ ಮಾಡಿಕೊಂಡು ಕೂತಳು. ನಂಬಬೇಕೆಂದು ಮನಸ್ಸು ಜಗ್ಗುತ್ತಿತ್ತು. ಮನಸ್ಸು ಜಗ್ಗುವುದಕ್ಕೇ ಅವಳಿಗೆ ಇನ್ನಷ್ಟು ಅನುಮಾನವಾಯಿತು.

ಅಷ್ಟರಲ್ಲಿ ಚೀಲ ಸರಸರ ಅಂದಿತು.

ಮುತ್ತವ್ವ. ಚಹಾ ಸೋಸುವಾಗ ಅರ್ಧ ಕಪ್ಪು ನೆಲಕ್ಕೆ ಚೆಲ್ಲುವಷ್ಟು ಕೈ ನಡುಗುವ ಮುದುಕಿ. ಸುಟ್ಟ ಪಟ್ಟಿಯನ್ನು ತೊಡೆಯ ಮೇಲೆ ಹರವಿಕೊಂಡು, ದಾರ ಕಟ್ಟಿದ ಚಾಳೀಸನ್ನು ಕಣ್ಣಿಗೆ ಏರಿಸಿ, ಮೀನಿನ ಬಲೆಯ ನೂಲನ್ನು ಸೂಜಿಗೆ ಪೋಣಿಸಿದಳು. ಸೂಜಿ ಪಟ್ಟಿಯೊಳಗೆ ಹೋದದ್ದೇ ನಡುಕ ನಿಂತುಹೋಯಿತು. ಸುಟ್ಟದ್ದನ್ನು ಕೆರೆದು ತೆಗೆದು, ಒಂದೊಂದೇ ಎಳೆ ಎತ್ತಿ ಕೂಡಿಸತೊಡಗಿದಳು. ಅದನ್ನು ತಡೆಯಬೇಕೆಂದು ಬಂದ ಇಬ್ಬರೂ ನೋಡುತ್ತಲೇ ಕೂತರು. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಆ ಕೆಲಸದಿಂದ ಕಣ್ಣು ಕೀಳುವುದು ಕಷ್ಟ.

"ಆಯಿ," ಎಂದಳು ಕಾಂಚನಾ, ಹೊರಗೆ ಬಂದು. "ಏನ ಮಾಡಾಕತ್ತಿ?"

ಮುದುಕಿ ಬೆಚ್ಚಲಿಲ್ಲ. "ಬಾ ಮಗಳ. ನೆಯ್ದದ್ದು ಹರಕೊಂಡು ಬಿದ್ರ ನನಗ ನೋಡಾಕ ಆಗಂಗಿಲ್ಲವ್ವ. ನಮ್ಮತ್ತಿ ಹರದ ಎಳಿ ಬಿಟ್ಟು ಊಟಕ್ಕ ಏಳಾಕ ಬಿಡ್ತಿರಲಿಲ್ಲ. ನೀನೂ ಕತ್ತರಿ ಹಾಕಿಲ್ಲಲ್ಲ, ನಿನಗೂ ಮನಸು ಬರವಲ್ದು ಅಂತ ತಿಳದೆ." ಡ್ರಮ್ಮಿನ ಹಿಂದಿನಿಂದ ವಿಜಯನೂ ಎದ್ದು ಬಂದದ್ದನ್ನು ಕಂಡು ಚಾಳೀಸು ಇಳಿಸಿದಳು. "ನೀವಿಬ್ರೂ ಅಲ್ಲೇನ ಮಾಡಾಕತ್ತಿದ್ರಿ?"

ಕಾಂಚನಾಳ ಮುಖ ಬಿಸಿಯಾಯಿತು. ಆದರೆ ಅದು ನಾಚಿಕೆಯಷ್ಟೇ ಆಗಿರಲಿಲ್ಲ. ಕೆಟ್ಟ ಪಟ್ಟಿಯನ್ನು ನಡುವೆ ಕತ್ತರಿಸಿ ಒಗೆಯಬೇಕು, ಮತ್ತೆ ಯಾರ ಕೈಗೂ ಹೋಗಬಾರದು ಎಂದು ಎಂಜಿನಿಯರ್ ಮೊದಲ ದಿನವೇ ಹೇಳಿದ್ದರು. ಅವಳ ಮನೆಯಲ್ಲಿ ಮಗ್ಗದಿಂದ ಸೀರೆ ಇಳಿಸುವಾಗಲೂ ಕುಂಕುಮ ಹಚ್ಚಿ, ಕೈಮುಗಿದು ಕೊಯ್ಯುತ್ತಾರೆ. ಬರೀ ಕೆಡಿಸಲೆಂದು ನೇಯ್ಗೆಗೆ ಕತ್ತರಿ ಇಡಲು ಅವಳಿಗೆ ಆಗಿರಲಿಲ್ಲ. ಚೀಲಕ್ಕೆ ಹಾಕಿದರೆ ಸಾಕು ಅಂದುಕೊಂಡಿದ್ದಳು.

"ಎಷ್ಟು ಕೂಡಿಸೀದಿ, ಆಯಿ?"

"ಲೆಕ್ಕ ಯಾರಿಟ್ಟಾರವ್ವ? ಕೂಡಿಸಿ ಕೂಡಿಸಿ ಹಿಂದಿನ ಗೂಟಕ್ಕ ಹಾಕೀನಿ."

ಹಿಂದಿನ ಗೂಟದಲ್ಲಿ ಒಂದೂ ಉಳಿದಿರಲಿಲ್ಲ. ನಿನ್ನೆ ಹುನ್ನೂರಿನಿಂದ ಕೆಲಸಕ್ಕೆ ಬಂದ ಹೊಸ ಹುಡುಗರು ಅವನ್ನು ತೆಗೆದುಕೊಂಡಿದ್ದರು. ಎಲ್ಲವೂ ಈಗ ಮೇಲೆ, ತೊಲೆಗಳಿಗೆ ಸುತ್ತಿಕೊಂಡಿದ್ದವು. ಊಟ ಮುಗಿದ ಕೂಡಲೇ ಹುಡುಗರು ಹೋಗಿ ಅವಕ್ಕೇ ಕೊಕ್ಕೆ ಹಾಕಿ ಜೋತುಬೀಳುವವರು.

ವಿಜಯ ಆಗಲೇ ಗೇಟಿನ ಕಡೆ ಓಡಿದ್ದ. ಅವಳು ತಲುಪುವಷ್ಟರಲ್ಲಿ ಅಮಸಿದ್ದಪ್ಪ ಅವನ ಎದುರು ಕೈ ಬೀಸುತ್ತಿದ್ದ.

"ಕೆಲಸ ನಿಂದರಸಂದ್ರ ನಿಂದರಸಾಕ ಇದೇನು ನಿಮ್ಮಪ್ಪನ ಗೇಟೇನಲೇ? ಸಾಹೇಬ್ರಿಗೆ ಏನ ಹೇಳ್ಲಿ ನಾ?"

"ನಾ ಹೇಳ್ತೇನ್ರಿ," ಎಂದಳು ಕಾಂಚನಾ. "ತಪ್ಪು ನಂದೈತಿ. ಕತ್ತರಿಸಬೇಕಾದದ್ದು ನಾ ಕತ್ತರಿಸಿಲ್ಲ. ಪಟ್ಟಿ ನೋಡೂತನಾ ಯಾರೂ ಹತ್ತಬಾರದು."

ಅಮಸಿದ್ದಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಈಕಿಗೆ ಮಾತೂ ಬರ್ತಾವಲೇ," ಎಂದು ಪಕ್ಕದವನಿಗೆ ಹೇಳಿ, ಚುಟ್ಟಾ ಹಚ್ಚಿಕೊಂಡು ಕೂತ.

ವಿಜಯ ಒಳ್ಳೆಯ ಪಟ್ಟಿಯೊಂದನ್ನು ಅವಳ ಕೈಯಿಂದಲೇ ನೋಡಿಸಿಕೊಂಡು ಹತ್ತಿ, ಮೇಲಿದ್ದವನ್ನೆಲ್ಲ ಬಿಚ್ಚಿ ಇಳಿಸಿದ. ಇಬ್ಬರೂ ಶೆಡ್ಡಿನ ನೆರಳಿನಲ್ಲಿ ಚಾಪೆ ಹಾಸಿ ಎದುರುಬದುರು ಕೂತರು. ಒಂದು ತುದಿಯಿಂದ ಅವಳ ಬೆರಳು, ಇನ್ನೊಂದು ತುದಿಯಿಂದ ಅವನ ಬೆರಳು. ನಡುವೆ ಸಂಧಿಸಿದಾಗ ಇಬ್ಬರೂ ಕೈ ಹಿಂದೆ ಎಳೆದುಕೊಳ್ಳುತ್ತಿದ್ದರು. ಕೆಲವು ಪಟ್ಟಿಗಳಾದ ಮೇಲೆ ಅಷ್ಟು ಬೇಗ ಎಳೆದುಕೊಳ್ಳಲಿಲ್ಲ.

ಕೂಡಿಸಿದ ಪಟ್ಟಿಗಳು ಒಂದು ಕಡೆ ಗುಂಪಾದವು. ಕಾಂಚನಾ ಕತ್ತರಿ ತೆಗೆದುಕೊಂಡಳು. ಕೈ ಮುಂದೆ ಹೋಗಲಿಲ್ಲ.

"ನಾ ಜಗ್ಗಿ ಹಿಡೀತೇನಿ," ಎಂದ ವಿಜಯ. "ನೀವ ಹಾಕ್ರಿ."

ಅವಳು ಕತ್ತರಿಯನ್ನು ಕಣ್ಣಿಗೊತ್ತಿಕೊಂಡು ಹಾಕಿದಳು. ಪಟ್ಟಿ ಎರಡಾಯಿತು. ಮುತ್ತವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಕೈಚೀಲದಲ್ಲಿದ್ದ ಪಟ್ಟಿಯನ್ನೂ ಅವಳು ಹೊರತೆಗೆದಳು. ಅದನ್ನು ಕಂಡದ್ದೇ ವಿಜಯ ನೋಟ ತಪ್ಪಿಸಿದ. ಅವಳು ಅಷ್ಟಕ್ಕೇ ಬಿಡಲಿಲ್ಲ.

"ಇದು ಕೂಡಿಸಿದ್ದಂತ ನಿಮಗ ಯಾವಾಗ ಗೊತ್ತಾತು?"

"ನಿನ್ನಿ ಮುಂಜಾನಿ. ತೊಲಿಗೆ ಸುತ್ತೂ ಮುಂದ."

"ಗೊತ್ತಾದ ಮ್ಯಾಲೂ ದಿನಾ ಪೂರ್ತಿ ಅದರ ಮ್ಯಾಲ ಇದ್ರಿ?"

"ಇದ್ನಿ."

"ಯಾಕ?"

ಅವನು ಉಗುರಿನ ಬಣ್ಣ ಕೆರೆದುಕೊಂಡ. "ನಿಮ್ಮ ಕೈ ಅಂತ ತಿಳದಿದ್ದೆ. ಸಿಟ್ಟು ಬಂತು, ಖರೆ. ಇಂಥಾ ಹುಡುಗಿ ಇಂಥಾ ಕೆಲಸ ಮಾಡ್ತಾಳಲ್ಲ ಅಂತ. ಆದ್ರ ನಿಮ್ಮ ಕೈಲೆ ಕೂಡಿಸಿದ್ದು ನನ್ನ ಬೀಳಗೊಡಂಗಿಲ್ಲ ಅಂತನೂ ಅನಿಸ್ತು. ಅನುಮಾನ ಇದ್ದಲ್ಲೇ ಇದೂ ಇತ್ತು ನೋಡ್ರಿ. ಈ ಬ್ಯಾಸಗಿ ತುಂಬ ಐತಿ."

ಇಂಥದೊಂದು ಮಾತಿಗಾಗಿ ಅವಳು ಎಷ್ಟೋ ಸಂಜೆಗಳನ್ನು ಬಸ್ಸಿನಲ್ಲಿ ಕಳೆದಿದ್ದಳು. ಈಗ ಅದು ಬಂದಾಗ ಅವಳಿಗೆ ಕಂಡದ್ದು ಗೇಟಿನ ತುದಿಯಿಂದ ಜಾರಿದ ಕಾಲು, ಒಮ್ಮೆಲೇ ಬಿಗಿದ ಪಟ್ಟಿ, ಬಲೆಯ ನೂಲು ಪಟಪಟ ಬಿಚ್ಚಿಕೊಂಡು ಹೋಗುವುದು. ಆ ನೂಲು ತಡೆಯುವುದು ಮೀನಿನ ಭಾರ, ಮನುಷ್ಯನದ್ದಲ್ಲ.

"ಇನ್ನೊಮ್ಮೆ ಹಂಗ ಅನಬ್ಯಾಡ್ರಿ," ಎಂದಳು. ಪಟ್ಟಿಯ ಕೂಡಿಸಿದ ಜಾಗವನ್ನು ಅವನ ಮುಂದೆ ಹಿಡಿದಳು. "ನಾ ಕೂಡಿಸಿದ್ರೂ ಅದು ಹರದದ್ದ. ನನ್ನ ಕೈನೂ ನಂಬಬ್ಯಾಡ್ರಿ. ನಾ ನೋಡಿ ಗೂಟಕ್ಕ ಹಾಕಿದ್ದನ್ನೂ ನಂಬಬ್ಯಾಡ್ರಿ. ದಿನಾ ಅನುಮಾನ ಮಾಡ್ರಿ. ನನಗ ನೀವು ಇಳದು ಬರೂದು ಬೇಕು."

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ತಿಳಿಯಿತು. ವಿಜಯನ ಕೈ ಉಗುರು ಕೆರೆಯುವುದನ್ನು ನಿಲ್ಲಿಸಿತು. ಗೋಡೆಯ ಕಡೆ ಮಲಗಿದ್ದ ಮುತ್ತವ್ವನ ಗೊರಕೆಯೂ ನಿಂತಿತ್ತು.

ಅವಳು ಪಟ್ಟಿಯ ಒಂದು ತುದಿಯನ್ನು ಅವನ ಕಡೆ ಚಾಚಿದಳು. ಅವನು ಜಗ್ಗಿ ಹಿಡಿದ. ಅವಳು ಕತ್ತರಿ ಹಾಕಿದಳು. ತುಂಡುಗಳು ಇಬ್ಬರ ಕೈಯಲ್ಲೂ ಉಳಿದವು. ಅವನು ಅವಳನ್ನೇ ನೋಡುತ್ತಿದ್ದ, ಅವಳು ಚಾಪೆಯನ್ನು.

"ನಾಳಿ ಮುಂಜಾನಿ ಹತ್ತೂ ಮೊದಲ," ಎಂದಳು, "ಪಟ್ಟಿ ತೊಗೊಂಡು ನನ್ನ ಕಡೆ ಬರ್ರಿ. ಇಬ್ಬರೂ ಕೂಡೇ ನೋಡೂನು."