ನಿಶ್ಚಯದ ತಟ್ಟೆ ಎತ್ತಿಕೊಂಡವಳು

"ಕಮಾನನ್ನ ಸುಮ್ನೆ ಆಡಿಸ್ತಾ ಇರಿ, ಸಾಕು. ಸದ್ದು ನಾನು ಹಾಕ್ತೀನಿ."

ಅಕ್ಮರಾಲ್ ತಲೆ ಎತ್ತಿ ನೋಡಿದಳು. ಮದುವೆ ಹಾಲ್‌ನ ಮೂಲೆಯಲ್ಲಿ, ಸ್ಪೀಕರ್‌ಗಳ ನಡುವೆ ಕುಳಿತಿದ್ದ ಯುವಕ ಕಂಪ್ಯೂಟರಿನಿಂದ ಕಣ್ಣು ಕೂಡ ಕೀಳದೆ ಆ ಮಾತು ಹೇಳಿದ್ದ. ನಮ್ಮ ಶಿಮ್ಕೆಂತ್ ನಗರದ ಮದುವೆಗಳಲ್ಲಿ ಈಗ ಎಲ್ಲವೂ ಹೀಗೆಯೇ. ರೆಕಾರ್ಡ್ ಮಾಡಿದ ಹಾಡು ಓಡುತ್ತದೆ, ಹಾಡುವವರು ಬಾಯಿ ಆಡಿಸುತ್ತಾರೆ, ನೆಂಟರು ಕುಣಿಯುತ್ತಾರೆ. ಯಾರಿಗೂ ನಾಚಿಕೆಯಿಲ್ಲ.

ಅವಳ ಮೊಣಕಾಲುಗಳ ನಡುವೆ ಕೊಬಿಜ್ ಇತ್ತು. ಕುದುರೆ ಬಾಲದ ಕೂದಲಿನಿಂದ ಮಾಡಿದ ಎರಡೇ ಎರಡು ತಂತಿಯನ್ನು ಕಮಾನಿನಿಂದ ಉಜ್ಜಿ ನುಡಿಸುವ ವಾದ್ಯ. ಚಿಕ್ಕಂದಿನಿಂದ ಅದನ್ನು ನುಡಿಸಿ ನುಡಿಸಿ ಅವಳ ಉಗುರುಗಳಲ್ಲಿ ಗೀರುಗಳು ಬಿದ್ದಿದ್ದವು.

"ನೀವು ಸದ್ದು ಹಾಕಿದ್ರೆ ನಾನು ಎದ್ದು ಹೋಗ್ತೀನಿ."

"ಎಲ್ಲರೂ ಹೀಗೇ ಮಾಡೋದು ರೀ. ನಿಮಗ್ಯಾಕೆ ಇಲ್ಲದ ಕಷ್ಟ?"

"ನೀವು ಊಟಕ್ಕೆ ಕೂತಾಗ ಬೇರೆಯವರು ಅಗಿದು ಕೊಡ್ತಾರಾ?"

ಆಗ ಅವನು ತಿರುಗಿದ. ಅವಳ ಮೂಗಿನ ತುದಿ ಸಿಟ್ಟಿಗೆ ಕೆಂಪಾಗಿತ್ತು. ಅವನಿಗೆ ನಗು ಬಂತು, ಆದರೆ ನಗಲಿಲ್ಲ. ಸುಮ್ಮನೆ ವೈರ್ ಕಿತ್ತು ಅವಳ ಮುಂದೆ ಒಂದು ಮೈಕ್ ತಂದಿಟ್ಟ.

ಅವಳು ನುಡಿಸಿದಳು. ಅರ್ಧ ಹಾಲ್ ಊಟ ನಿಲ್ಲಿಸಿತು. ಇನ್ನರ್ಧ "ಕುಣಿಯೋದು ಹಾಕ್ರೋ" ಎಂದು ಕೂಗಿತು. ವೇದಿಕೆಯಿಂದ ಕೆಳಗಿಳಿದಾಗ ಮದುಮಗಳ ಅತ್ತೆ ಅವಳ ಕೈ ಹಿಡಿದುಕೊಂಡರು.

"ಚೆನ್ನಾಗಿ ನುಡಿಸ್ತೀಯ ಕಣಮ್ಮ. ಕೆಲಸ ಏನು ಮಾಡ್ತೀಯ?"

"ಇದೇ."

"ಇದು ಸರಿ. ನಿಜವಾದ ಕೆಲಸ?"

ಹಲ್ಲಿನ ಡಾಕ್ಟರನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ಅಕ್ಮರಾಲ್ ಕೈ ಬಿಡಿಸಿಕೊಂಡು ಹೊರಗೆ ಬಂದಳು. ಹಿಂದೆಯೇ ಆ ಯುವಕ ಎರಡು ಲೋಟ ಚಹಾ ಹಿಡಿದು ಬಂದ.

"ನನ್ನ ಹೆಸರು ಸಂಜರ್. ದಿನಾ ಸಂಗೀತದ ಮಧ್ಯೆನೇ ಇರ್ತೀನಿ, ಆದ್ರೆ ಇದನ್ನ ಇಷ್ಟು ಹತ್ತಿರದಿಂದ ಯಾವತ್ತೂ ಕೇಳಿರಲಿಲ್ಲ. ಆಗ ಹಾಗೆ ಹೇಳಿದ್ದು ತಪ್ಪು."

ತಪ್ಪು ಒಪ್ಪಿಕೊಳ್ಳುವ ಗಂಡಸು! ಅವಳು ಚಹಾ ತೆಗೆದುಕೊಂಡಳು.

ಆಮೇಲೆ ಅವನು ಸಂಗೀತ ಭವನದಲ್ಲಿ ಅವಳ ಅಭ್ಯಾಸಕ್ಕೆ ಬಂದು ಕೊನೆಯ ಸಾಲಿನಲ್ಲಿ ಕೂರತೊಡಗಿದ. ಬಸ್ಸಿನಲ್ಲಿ ಅವಳ ವಾದ್ಯದ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಯಾರ ಮೊಣಕೈಯೂ ತಗುಲದಂತೆ ಕಾಯುತ್ತಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು. ಇವನಿಗೆ ಅರ್ಥವಾಗಿದೆ ಎಂದುಕೊಂಡಳು. ಪಾಪ, ಪ್ರೀತಿಸುವವರು ಹೀಗೇ ಅಂದುಕೊಳ್ಳುತ್ತಾರೆ.

ಏಪ್ರಿಕಾಟ್ ಮರಗಳು ಹೂ ಬಿಟ್ಟ ಕಾಲದಲ್ಲಿ ಸಂಜರನ ಮನೆಯವರು ಹೆಣ್ಣು ಕೇಳಲು ಬಂದರು. ಅವನ ತಾಯಿ ರಬೀಗಾ ಒಳ್ಳೆಯ ರೇಷ್ಮೆ ಶಾಲು ಹೊದ್ದು, ನಡುಮನೆಯ ಮರ್ಯಾದೆಯ ಜಾಗದಲ್ಲಿ ಕುಳಿತರು. ಕಾರು ಓಡಿಸಿಕೊಂಡು ಬಂದಿದ್ದ ಸಂಜರ್ ಬಾಗಿಲ ಹತ್ತಿರ ಕುಳಿತ. ಅಕ್ಮರಾಲ್ ಚಹಾ ಬಗ್ಗಿಸುತ್ತಿದ್ದಳು. ಅವಳ ತಾಯಿ ಅಡುಗೆಮನೆಯಿಂದ ತಟ್ಟೆ ತಂದರು. ಕುರಿಯ ಬಾಲದ ಕೊಬ್ಬು, ಜೊತೆಗೆ ಬೇಯಿಸಿದ ಲಿವರ್, ತೆಳ್ಳಗೆ ಹೆಚ್ಚಿ ಜೋಡಿಸಿದ್ದು. ಅದನ್ನು ಎರಡು ಕಡೆಯ ಹಿರಿಯರು ಒಬ್ಬರಿಗೊಬ್ಬರು ತಿನ್ನಿಸಿಬಿಟ್ಟರೆ ಮುಗಿಯಿತು. ಮಾತು ಕೊಟ್ಟಂತೆ. ಹಿಂದೆ ಸರಿಯುವ ಹಾಗಿಲ್ಲ.

ರಬೀಗಾ ಒಂದು ತುಂಡು ಕೈಗೆ ತೆಗೆದುಕೊಂಡು ನಕ್ಕರು.

"ಹುಡುಗಿ ಲಕ್ಷಣವಾಗಿದ್ದಾಳೆ. ನನಗೆ ಹೆದರಿಕೆ ಇದ್ದದ್ದು ಆ ಕೊಬಿಜ್ ಒಂದೇ. ಮಂತ್ರವಾದಿಗಳು ನುಡಿಸ್ತಿದ್ದದ್ದು ಅದು, ಬೀಗಿತಿ. ಆ ಅಳೋ ದನಿ ಕೇಳಿದ ಮನೇಲಿ ಮಗು ನಿಲ್ಲಲ್ಲ ಅಂತ ನಮ್ಮಜ್ಜಿ ಹೇಳೋರು. ಮದುವೆ ಆದ್ಮೇಲೆ ಅವಳು ಅದನ್ನ ಬಿಡ್ತಾಳಲ್ಲ, ಈಗ ನನಗೆ ನೆಮ್ಮದಿ. ನನ್ನ ತಮ್ಮನ ಆಫೀಸಲ್ಲಿ ಅವಳಿಗೆ ಒಂದು ಕುರ್ಚಿನೂ ನೋಡಿಟ್ಟಿದ್ದೀನಿ."

ಚಹಾ ಬಟ್ಟಲು ತುಂಬಿ ಚೆಲ್ಲಿತು. ಬಿಡ್ತಾಳಾ? ಯಾರು ಹೇಳಿದ್ದು?

ಅವಳು ಸಂಜರನನ್ನು ನೋಡಿದಳು. ಅವನು ತನ್ನ ಮೊಣಕಾಲನ್ನು ನೋಡುತ್ತಿದ್ದ.

"ಸಂಜರ್, ಇದನ್ನ ನೀನು ಹೇಳಿದ್ಯಾ?"

ಎಲ್ಲರೂ ಅವಳತ್ತ ತಿರುಗಿದರು. ಹೆಣ್ಣು ಕೇಳುವ ಹೊತ್ತಿನಲ್ಲಿ ಹುಡುಗಿ ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಸಂಜರ್ ಏನೂ ಹೇಳಲಿಲ್ಲ.

ಅಕ್ಮರಾಲ್ ಬಗ್ಗಿ, ಹಿರಿಯರ ಮುಂದಿನಿಂದ ತಟ್ಟೆಯನ್ನೇ ಎತ್ತಿಕೊಂಡಳು. ರಬೀಗಾರ ಕೈಯಲ್ಲಿದ್ದ ತುಂಡನ್ನೂ ಮೆಲ್ಲಗೆ ಬಿಡಿಸಿ ತಟ್ಟೆಗೆ ಹಾಕಿಕೊಂಡಳು. ಹೊರಗೆ ನಡೆದಳು.

ಅಂಗಳದವರೆಗೂ ಅವಳ ತಾಯಿ ಅಟ್ಟಿಸಿಕೊಂಡು ಬಂದರು. "ನಿನಗೆ ಬುದ್ಧಿ ಕೆಟ್ಟಿದ್ಯಾ? ಇನ್ನು ಯಾರು ಕಟ್ಕೋತಾರೆ ನಿನ್ನ?"

"ಯಾರೂ ಬೇಡ. ಅಮ್ಮ, ನೀನೂ ಹಾಗೇ ಅಂದ್ಕೊಂಡಿದ್ಯಾ? ಮದುವೆ ಆಗೋವರೆಗೆ ಕೊಬಿಜ್ ಜೊತೆ ಆಟ ಆಡ್ಕೊಳ್ಳಲಿ ಅಂತ?"

ತಾಯಿ ಕಣ್ಣೊರೆಸಿಕೊಳ್ಳುತ್ತಾ ಅಡುಗೆಮನೆಗೆ ಹೋದರು. ಅದೇ ಉತ್ತರವಾಗಿತ್ತು. ಅಕ್ಮರಾಲ್‌ಗೆ ಕೂಗಬೇಕೆನಿಸಿತು. ಮೈ ನೋಯುವಷ್ಟು ದುಡಿದರೂ ಇವರಿಗೆಲ್ಲ ಇದು ಆಟ. ಹಬ್ಬಕ್ಕೆ ಬೇಕು, ನೆಂಟರ ಮುಂದೆ ಮೆರೆಯುವುದಕ್ಕೆ ಬೇಕು, ಸೊಸೆಯ ಕೈಯಲ್ಲಿ ಮಾತ್ರ ಬೇಡ. ಅವರೆಲ್ಲರಿಗಿಂತ ಸಂಜರನ ಮೇಲೆ ಅವಳಿಗೆ ಹೆಚ್ಚು ಸಿಟ್ಟು. ಇಷ್ಟು ದಿನ ಕೊನೆಯ ಸಾಲಿನಲ್ಲಿ ಕುಳಿತು ಅವನು ಕೇಳಿದ್ದಾದರೂ ಏನನ್ನು?

ಆಗ ತೆರೆದ ಕಿಟಕಿಯಿಂದ ಅವನ ದನಿ ಕೇಳಿತು.

"ಅಮ್ಮ, ಅವಳು ಬಿಡಲ್ಲ. ಬಿಡ್ತಾಳೆ ಅಂತ ಅವಳೂ ಹೇಳಿಲ್ಲ, ನಾನೂ ಹೇಳಿಲ್ಲ. ಅವತ್ತು ನೀನು 'ಬಿಡ್ತಾಳಲ್ವಾ' ಅಂದಾಗ ಚಹಾ ಕುಡೀತಾ ಸುಮ್ನೆ ಕೂತಿದ್ದೆ. ಮದುವೆ ಆಗ್ಲಿ, ಆಮೇಲೆ ನೋಡ್ಕೊಳ್ಳೋಣ ಅಂದ್ಕೊಂಡೆ. ಹೇಡಿ ನಾನು."

"ಆ ವಾದ್ಯ ನನ್ನ ಹೊಸ್ತಿಲು ದಾಟಬಾರದು, ಸಂಜರ್."

"ಹಾಗಾದ್ರೆ ನಾನೂ ದಾಟಲ್ಲಮ್ಮ. ನಾವು ಬೇರೆ ಮನೆ ಮಾಡ್ತೀವಿ. ಅವಳು ಒಪ್ಪಿದ್ರೆ."

ರಬೀಗಾ ಹೊರಗೆ ಬಂದರು. ಅಕ್ಮರಾಲ್‌ಳ ಎದುರು ನಿಂತರು. ಬೈಯುತ್ತಾರೆ ಎಂದು ಅವಳು ಕಾದಳು. ಅವರ ಕಣ್ಣಲ್ಲಿ ನೀರಿತ್ತು.

"ನನ್ನ ಮೊದಲ ಮಗು ತೊಟ್ಟಿಲಲ್ಲೇ ಹೋಯ್ತು ಕಣೇ. ನನ್ನ ಭಯ ನಿನಗೆ ಅರ್ಥ ಆಗಲ್ಲ."

"ಆಗುತ್ತೆ, ಅಮ್ಮಾ. ಆದ್ರೆ ನಾನು ಯಾರ ಮಗೂನೂ ಕೊಲ್ಲಲ್ಲ. ನಿಮ್ಮ ಆ ಮಗುವಿಗಾಗಿ ನೀವು ಅತ್ತ ಹಾಗೆ ಅಳೋಕೆ ಗೊತ್ತಿರೋ ವಾದ್ಯ ಇದೊಂದೇ."

ರಬೀಗಾ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು. ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ಸಂಜರ್ ಬಂದು ಅವಳಿಂದ ಸ್ವಲ್ಪ ದೂರದಲ್ಲೇ ನಿಂತ. ಹತ್ತಿರ ಬರಲು ಧೈರ್ಯವಾಗಲಿಲ್ಲ.

"ಹೋಗು. ನಿಮ್ಮಮ್ಮ ಕಾಯ್ತಿದ್ದಾರೆ."

"ಕಾರಿನ ಕೀ ನನ್ನ ಹತ್ರ ಇದೆ. ಕಾಯ್ಲಿ."

"ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಗೊತ್ತಾ?"

"ಗೊತ್ತು. ಇಡೀ ಜೀವಮಾನ ಬೈಯಿ. ಆದ್ರೆ ಹತ್ತಿರ ಇದ್ದು ಬೈಯಿ. ನೀನಿಲ್ಲದೆ ನನ್ನ ಕೈಲಿ ಆಗಲ್ಲ, ಅಕ್ಮರಾಲ್."

ಅವಳು ಅವನ ಮುಖ ನೋಡಿದಳು. ಸಿಟ್ಟು ಹೋಗಿರಲಿಲ್ಲ. ಪ್ರೀತಿಯೂ ಹೋಗಿರಲಿಲ್ಲ. ಎರಡೂ ಒಂದೇ ಎದೆಯಲ್ಲಿ ಒದ್ದಾಡುತ್ತಿದ್ದವು. ಕೈಯಲ್ಲಿ ತಟ್ಟೆ ತಣ್ಣಗಾಗಿತ್ತು, ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿತ್ತು. ಅವಳು ಒಂದು ತುಂಡು ಎತ್ತಿ ಅವನ ಬಾಯಿಯ ಹತ್ತಿರ ಹಿಡಿದಳು.

ಅವನು ಬೆಚ್ಚಿದ. "ಇದು ಹಿರಿಯರು ತಿನ್ನಿಸೋದು..."

"ನಮ್ಮ ಹಿರಿಯರಲ್ಲಿ ಒಬ್ಬರು ಕಾರಲ್ಲಿದ್ದಾರೆ, ಒಬ್ಬರು ಅಡುಗೆಮನೇಲಿ ಅಳ್ತಿದ್ದಾರೆ. ತಿಂತೀಯಾ, ಒಳಗೆ ತಗೊಂಡು ಹೋಗ್ಲಾ?"

ಅವನು ತಿಂದ. ತಾನೂ ಒಂದು ತುಂಡು ಎತ್ತಿ ಅವಳಿಗೆ ತಿನ್ನಿಸಿದ. ಪದ್ಧತಿಯಂತೆ ಅವಳು ಉಳಿದ ಕೊಬ್ಬನ್ನು ಅವನ ಕೆನ್ನೆಗೆ ಬಳಿದಳು, ಸ್ವಲ್ಪ ಜೋರಾಗಿಯೇ.

"ಇನ್ನು ಹಿಂದೆ ಹೋಗೋ ಹಾಗಿಲ್ಲ."

"ಹೋಗಲ್ಲ."

"ಮನೇಲಿ ಬೆಳಿಗ್ಗೆ ಎದ್ದ ಕೂಡ್ಲೇ ನುಡಿಸ್ತೀನಿ. ಒಂದೇ ಸಾಲು, ಸರಿ ಆಗೋವರೆಗೆ, ನಿನ್ನ ತಲೆ ಕೆಡೋವರೆಗೆ."

"ನುಡಿಸು."

"ಯಾರಾದ್ರೂ ಬಂದು ನಿನ್ನ ಹೆಂಡ್ತಿ ಅದನ್ನ ಯಾವಾಗ ಬಿಡ್ತಾಳೆ ಅಂತ ಕೇಳಿದ್ರೆ?"

ಸಂಜರ್ ಅವಳ ಗೀರುಬಿದ್ದ ಉಗುರುಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡ.

"ಉತ್ತರ ಕೊಡ್ತೀನಿ. ಇನ್ನು ನಾನು ಸುಮ್ನಿರೋದು ನೀನು ನುಡಿಸುವಾಗ ಮಾತ್ರ."