ಐದು ಸ್ಟಾರಿನ ಸಜ್ಜನ

ಕುತ್ತಿಗೆಗೆ ಹಗ್ಗ ಬಿತ್ತು!

ಬಟ್ಟೆ ಒಣಹಾಕುವ ನೈಲಾನ್ ಹಗ್ಗ. ನಮ್ಮಕ್ಕನ ಟೆರೇಸಿನದೇ. ಒದ್ದೆ ಬೆಡ್‌ಶೀಟುಗಳ ನಡುವೆ ನಾನು ಮಂಡಿಯೂರಿ ಬಿದ್ದಿದ್ದೆ. ಹಿಂದಿನಿಂದ ಒಂದು ಮೊಣಕಾಲು ನನ್ನ ಬೆನ್ನನ್ನು ಒತ್ತಿ ಹಿಡಿದಿತ್ತು.

"ಸಾರ್, ದಯವಿಟ್ಟು ಸಹಕರಿಸಿ," ಎಂದ ಅವನು, ಕಿವಿಯ ಹತ್ತಿರ ಬಗ್ಗಿ. "ಅವರಿಬ್ಬರೂ ಎಲ್ಲಿದ್ದಾರೆ?"

ಸಾರ್ ಅಂತೆ! ದಯವಿಟ್ಟು ಅಂತೆ!

"ಗೊ... ಗೊತ್ತಿಲ್ಲ."

"ಸುಳ್ಳು ಹೇಳಬೇಡಿ ಸಾರ್. ನನಗೆ ಬೇಜಾರಾಗತ್ತೆ."

ಅವನ ಬೇಜಾರಿಗೆ ಹಗ್ಗ ಇನ್ನಷ್ಟು ಬಿಗಿಯಾಯಿತು. ನನಗೆ ಕಣ್ಣು ಕತ್ತಲಿಟ್ಟಿತು...

ಈ ಮಹಾನುಭಾವನಿಗೆ ಐದು ಸ್ಟಾರ್ ಇತ್ತು ಸ್ವಾಮಿ! ಐದಕ್ಕೆ ಐದು! ನಲವತ್ತಕ್ಕೂ ಹೆಚ್ಚು ಮನೆಯವರು ಇವನನ್ನು ಬಾಯಿ ತುಂಬ ಹೊಗಳಿ ಬರೆದಿದ್ದರು.

ನಿಲ್ಲಿ, ಮೊದಲಿಂದ ಹೇಳುತ್ತೇನೆ.

ದಿನಬಾಡಿಗೆ ಮನೆಗಳ ತಂಟೆ ಬಿಡಿಸುವುದು ನನ್ನ ಕಸುಬು. ಟಿವಿ ಒಡೆದು ಪರಾರಿಯಾದವನನ್ನು ಹುಡುಕುವುದು, ಚೆಕ್-ಔಟ್ ಆದ ಮೇಲೂ ಮಂಚ ಬಿಡದವನನ್ನು ಲಗೇಜ್ ಸಮೇತ ಎತ್ತಿ ಹೊರಗಿಡುವುದು... ಹೀಗೆ. ನನ್ನನ್ನು ಎಲ್ಲರೂ ಕೊಕ್ಕೆ ಅಂತ ಕರೆಯುತ್ತಾರೆ. ಸಿಕ್ಕಿಸಿಕೊಂಡರೆ ಬಿಡುವುದಿಲ್ಲ, ಅದಕ್ಕೆ.

ನಮ್ಮಕ್ಕ ಮತ್ತು ಭಾವ ಕೆಳಗೆ ವಾಸ. ಮಹಡಿಯಲ್ಲಿ ಎದುರುಬದುರು ಎರಡು ರೂಮು, ಆ್ಯಪಿನಲ್ಲಿ ಬಾಡಿಗೆಗೆ. ನಮ್ಮ ಭಾವ ಇದ್ದಾರಲ್ಲ, ಅವರಿಗೆ ಮನುಷ್ಯರ ಮುಖ ನೋಡುವ ಅಭ್ಯಾಸ ತಪ್ಪಿಹೋಗಿತ್ತು. ಸ್ಟಾರ್ ಮಾತ್ರ ನೋಡುತ್ತಿದ್ದರು. ಗೆಸ್ಟ್ ಹೋದ ಮೇಲೆ ಮನೆಯವರು ಅವನ ಬಗ್ಗೆ ಬರೆಯುತ್ತಾರಲ್ಲ, ಆ ರಿವ್ಯೂಗಳನ್ನು ಕನ್ನಡಕ ಒರೆಸಿಕೊಂಡು ಒಂದೊಂದಾಗಿ ಓದುತ್ತಿದ್ದರು. ರಿವ್ಯೂ ಇಲ್ಲವೋ, ರಿಜೆಕ್ಟ್!

ಒಂದು ದಿನ ಒಂದು ರಿಕ್ವೆಸ್ಟ್ ಬಂತು. ಒಬ್ಬ ಹೆಂಗಸು, ಒಂದು ಮಗು. ಒಂದು ವಾರಕ್ಕೆ ರೂಮು ಬೇಕು. ರಿವ್ಯೂ ಸೊನ್ನೆ.

"ಬೇಡ," ಎಂದರು ಭಾವ. "ಹಿಂದುಮುಂದು ಗೊತ್ತಿಲ್ಲದವರು."

"ನಿಮ್ಮನ್ನ ಮದುವೆ ಆಗೋವಾಗ ನನಗೇನು ಗೊತ್ತಿತ್ತು?" ಎಂದಳು ಅಕ್ಕ. "ಎಷ್ಟು ಸ್ಟಾರ್ ಇತ್ತು ನಿಮಗೆ?"

ಭಾವ ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳಯ್ಯಾ!"

"ನನ್ನನ್ನ ಎಳೀಬೇಡಿ ಭಾವ. ಗಂಟುಬಿದ್ದೋರನ್ನ ಬಿಡಿಸೋದಷ್ಟೇ ನನ್ನ ಕೆಲಸ."

ಅಕ್ಕ ಭಾವನ ಕೈಯಿಂದ ಫೋನ್ ಕಿತ್ತುಕೊಂಡು ಅಕ್ಸೆಪ್ಟ್ ಒತ್ತೇ ಬಿಟ್ಟಳು.

ಆ ಹೆಂಗಸು ಬಂದಳು. ಒಂದೇ ಬ್ಯಾಗು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು. ಮಗುವಿನ ಕಾಲಲ್ಲಿ ಎರಡು ಬಣ್ಣದ ಎರಡು ಚಪ್ಪಲಿ. ಅವಸರದಲ್ಲಿ ಮನೆಬಿಟ್ಟವರು ಅಂತ ಆಗಲೇ ನನಗೆ ಗೊತ್ತಾಯಿತು. ನಾನು ಏನೂ ಕೇಳಲಿಲ್ಲ. ಕೇಳದೇ ಇರುವುದೂ ನಮ್ಮ ಕಸುಬಿನಲ್ಲಿ ಒಂದು ಕಲೆ.

ವಾರ ಮುಗಿಯಿತು. ಅಷ್ಟರಲ್ಲಿ ಪುಟ್ಟಿ ಅಕ್ಕನ ತೊಡೆಯಿಂದ ಇಳಿಯುತ್ತಲೇ ಇರಲಿಲ್ಲ. ಅಕ್ಕ ಇನ್ನೊಂದು ವಾರ ಇರು ಅಂತ ಬಲವಂತ ಮಾಡಿ ಉಳಿಸಿಕೊಂಡಳು. ಮೊದಲ ಬುಕಿಂಗ್ ಮುಗಿದ ತಕ್ಷಣ ಆ್ಯಪು ಎಂದಿನಂತೆ ಕೇಳಿತು, ನಿಮ್ಮ ಗೆಸ್ಟ್ ಹೇಗಿದ್ದರು?

ನಮ್ಮಕ್ಕ ಬರೆದಳು ನೋಡಿ!

"ಬಂಗಾರದಂಥ ಹುಡುಗಿ. ಮಗಳು ಇನ್ನೂ ಮುದ್ದು. ಇನ್ನೊಂದು ವಾರ ನಮ್ಮ ಮನೆಯಲ್ಲೇ ಇರುತ್ತಾಳೆ. ಪಾಪ, ರಿವ್ಯೂ ಇಲ್ಲ ಅಂತ ಯಾರೂ ಇವಳನ್ನು ವಾಪಸ್ ಕಳಿಸಬೇಡಿ." ಐದು ಸ್ಟಾರ್!

ಕೆಳಗೆ ಅಕ್ಕನ ಫೋಟೋ. ಅದನ್ನು ಒತ್ತಿದರೆ ನಮ್ಮ ಮನೆ, ನಮ್ಮ ಬೀದಿ, ನಮ್ಮ ಗೇಟು.

ಮನೆ ಬಾಡಿಗೆಗೆ ಕೊಡುವವರು ಮಾತ್ರ ಮಾಡಬಹುದಾದ ತಪ್ಪು ಇದು ಸ್ವಾಮಿ. ಒಳ್ಳೆಯ ಗೆಸ್ಟ್ ಸಿಕ್ಕರೆ ಇವರಿಗೆ ಬಾಯಿ ಮುಚ್ಚಿಕೊಂಡು ಇರಲು ಆಗುವುದಿಲ್ಲ!

ಎರಡು ದಿನ ಕಳೆಯಲಿಲ್ಲ, ಎದುರಿನ ರೂಮಿಗೆ ರಿಕ್ವೆಸ್ಟ್ ಬಂತು. ಭಾವ ಕುರ್ಚಿಯಿಂದ ಎದ್ದೇ ನಿಂತರು.

"ಐದು ಸ್ಟಾರ್ ಕಣೇ! ಕೇಳಿಲ್ಲಿ... ಶಾಂತ ಸ್ವಭಾವ. ಸದ್ದಿಲ್ಲ, ಗಲಾಟೆಯಿಲ್ಲ. ಪಾತ್ರೆ ತೊಳೆದಿಟ್ಟು, ಹಾಸಿಗೆ ಮಡಿಚಿಟ್ಟು ಹೋಗುವ ದಂಪತಿ. ನೋಡಿದ್ಯಾ? ಗೆಸ್ಟ್ ಅಂದ್ರೆ ಇವನು!"

ಅಕ್ಸೆಪ್ಟ್!

ಮಾರನೆಯ ಮಧ್ಯಾಹ್ನ ನಾನು ಮಹಡಿಯ ಗೀಸರ್ ರಿಪೇರಿಗೆ ಹೋಗಿದ್ದೆ. ಆ ದಂಪತಿಯಲ್ಲಿ ಒಬ್ಬನೇ ಬಂದಿದ್ದ. ಆಗಷ್ಟೇ ಕೈಮುಗಿದು ಒಳಗೆ ಬಂದು, ಭಾವನ ಆರೋಗ್ಯ ವಿಚಾರಿಸಿ, ಸ್ನಾನಕ್ಕೆ ಹೋಗಿದ್ದನಂತೆ. ಎದುರು ಬಾಗಿಲಲ್ಲಿ ಅವನ ಕಪ್ಪು ಶೂ. ಮಿರಮಿರ ಪಾಲಿಶ್. ಲೇಸು ಒಳಗೆ ಮಡಿಚಿಟ್ಟಿತ್ತು.

ಪುಟ್ಟಿ ಅಮ್ಮನ ಕೈಹಿಡಿದು ಮೆಟ್ಟಿಲು ಹತ್ತಿ ಬಂದಳು. ಶೂ ನೋಡಿದಳು. ತಟ್ಟನೆ ನಿಂತಳು.

"ಅಮ್ಮಾ... ಅಪ್ಪನ ಶೂ."

ಆ ಹೆಂಗಸಿನ ಮುಖ ಸುಣ್ಣದಂತೆ ಬಿಳಿಚಿಕೊಂಡಿತು. ಅವಳು ಕಿರುಚಲಿಲ್ಲ. ಮಗುವಿನ ಬಾಯಿಗೆ ಕೈ ಅಡ್ಡ ಇಟ್ಟಳು. ಆ ಕೈ ಹೋದ ವೇಗ ನೋಡಿಯೇ ನನಗೆ ಅರ್ಥವಾಯಿತು. ಇದು ಅವಳಿಗೆ ಮೊದಲ ಸಲ ಅಲ್ಲ.

ಇಬ್ಬರನ್ನೂ ಕೆಳಗೆ ಅಕ್ಕನ ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಯಾರಮ್ಮಾ ಅವನು?"

"ನನ್ನ ಗಂಡ, ಅಣ್ಣಾ. ಮಗುನ ಕಿತ್ಕೊಂಡು ಹೋಗ್ತಾನೆ. ಹೋದ ಸಲ ಸಿಕ್ಕಾಗ ನನ್ನ ಕೈ ಮುರಿದ." ಅವಳು ಎಡಗೈ ಎತ್ತಿ ತೋರಿಸಿದಳು. ಮುಂಗೈ ಸೊಟ್ಟಗೆ ಕೂಡಿಕೊಂಡಿತ್ತು. "ಈ ಆ್ಯಪಲ್ಲಿ ನನಗೆ ಅಕೌಂಟ್ ಮಾಡಿಕೊಟ್ಟೋನೇ ಅವನು. ನನ್ನ ಐಡಿಗೆ ಇನ್ನೊಂದು ಮಾಡಕ್ಕಾಗಲ್ಲ. ಪಾಸ್‌ವರ್ಡ್ ಬದಲಾಯಿಸಿದ್ದೆ, ಪೇಜಲ್ಲಿ ರಿವ್ಯೂ ಏನೂ ಇಲ್ವಲ್ಲ, ಎಲ್ಲಿದೀನಿ ಅಂತ ತಿಳಿಯಲ್ಲ ಅಂದ್ಕೊಂಡಿದ್ದೆ..."

ಅಕ್ಕನ ಕೈಯಿಂದ ಟೀ ಸೋಸುವ ಜಾಲರಿ ಕೆಳಗೆ ಬಿತ್ತು.

"ಅಯ್ಯೋ! ನಾನು ಬರೆದ್ನಲ್ಲೋ!"

"ಅವನಿಗೆ ಐದು ಸ್ಟಾರ್ ಇದೆಯಲ್ಲಾ!" ಎಂದರು ಭಾವ. ಮನುಷ್ಯ ಇನ್ನೂ ಅಲ್ಲೇ ಇದ್ದರು ಸ್ವಾಮಿ! "ಹಾಸಿಗೆ ಮಡಿಚಿಡ್ತಾನೆ ಅಂತ ಬರೆದಿದಾರಲ್ಲಾ!"

ಆ ಹೆಂಗಸು ಭಾವನನ್ನೇ ನೋಡಿದಳು.

"ಮಡಿಚಿದ್ದು ನಾನು. ಪಾತ್ರೆ ತೊಳೆದಿದ್ದೂ ನಾನೇ. ಸದ್ದಿಲ್ಲ ಅಂತ ಬರೆದಿದಾರಲ್ಲ... ಅವನು ಹೊಡೆಯೋವಾಗ ಬಾಯಿಗೆ ಟವೆಲ್ ತುರುಕ್ತಿದ್ದ. ಆ ಟವೆಲ್ನೂ ಒಗೆದಿಟ್ಟು ಬರ್ತಿದ್ದೆ. ಬುಕಿಂಗ್ ಎಲ್ಲಾ ಅವನ ಹೆಸರಲ್ಲಿ ಇರ್ತಿತ್ತು. ಸ್ಟಾರ್ ಅವನಿಗೆ ಬಂತು."

ನನ್ನ ಮೈಯೆಲ್ಲ ಉರಿಯಿತು. ನಲವತ್ತು ಮನೆ! ನಲವತ್ತು ಮನೆಯವರೂ ಬೆಡ್‌ಶೀಟಿನ ಕಲೆ ಹುಡುಕಿದರೇ ಹೊರತು ಈ ಹುಡುಗಿಯ ಮುಖ ನೋಡಲಿಲ್ಲ. ಥೂ!

"ಅಕ್ಕಾ, ಪೊಲೀಸಿಗೆ ಫೋನ್ ಮಾಡು. ಒಂದು ಟ್ಯಾಕ್ಸಿ ಕರೆಸು. ಬಂದ ತಕ್ಷಣ ಇವರಿಬ್ಬರನ್ನೂ ಹತ್ತಿಸು. ನಾನು ಅವನನ್ನ ಮೇಲೆ ಹಿಡಿದು ನಿಲ್ಲಿಸ್ತೀನಿ."

ಮೆಟ್ಟಿಲು ಹತ್ತಿದೆ.

ಅವಳ ರೂಮಿನ ಬಾಗಿಲು ತೆರೆದಿತ್ತು! ಒಳಗೆ ಅವನು ಮಂಚದ ಮೇಲೆ ಕೂತು ಮಗಳ ಫ್ರಾಕುಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬುತ್ತಿದ್ದ. ಅವನಿಗೆ ಬೀಗ ಒಡೆಯುವ ಕಷ್ಟವೂ ಬಂದಿರಲಿಲ್ಲ. ಮರೆತುಹೋಗುತ್ತೆ ಅಂತ ನಮ್ಮ ಭಾವ ಎರಡು ಬಾಗಿಲಿನ ನಂಬರ್ ಲಾಕಿಗೂ ಒಂದೇ ನಂಬರ್ ಇಟ್ಟಿದ್ದರು! ಇಂಥ ಬುದ್ಧಿವಂತರು ಗೆಸ್ಟ್‌ಗಳನ್ನು ಆರಿಸಲು ಕೂರುತ್ತಾರೆ.

"ರೂಮು ತುಂಬಾ ಚೆನ್ನಾಗಿದೆ ಸಾರ್," ಎಂದ ಅವನು. "ಗಾಳಿ, ಬೆಳಕು... ನನ್ನ ಹೆಂಡತಿ ಎಲ್ಲಿ?"

"ನಿನ್ನ ರೂಮು ಆ ಕಡೆ."

"ಮನೆ ಜಗಳ ಸಾರ್ ಇದು. ನೀವ್ಯಾಕೆ ಮೂಗು ತೂರಿಸ್ತೀರ?"

"ಬಾಡಿಗೆ ಮನೆಯಲ್ಲಿ ಮೂಗು ತೂರಿಸೋದೇ ನನ್ನ ಹೊಟ್ಟೆಪಾಡು."

ಅವನು ನಕ್ಕ. ಎದ್ದು, ನನ್ನ ಪಕ್ಕದಿಂದ ಹಾದು, ಟೆರೇಸಿನ ಕಡೆ ಹೊರಟ. ಅಲ್ಲಿಂದ ಕೆಳಗಿನ ಗೇಟು ಕಾಣುತ್ತದೆ. ಟ್ಯಾಕ್ಸಿ ಇನ್ನೂ ಬಂದಿರಲಿಲ್ಲ. ನಾನು ಓಡಿಹೋಗಿ ಅಡ್ಡ ನಿಂತೆ. ಹೊಟ್ಟೆಗೆ ಒಂದು ಗುದ್ದು ಬಿತ್ತು! ಬೆಡ್‌ಶೀಟುಗಳ ಮೇಲೆ ಬಿದ್ದೆ. ಏಳುವಷ್ಟರಲ್ಲಿ ಹಗ್ಗ ಬಿಚ್ಚಿ ನನ್ನ ಕುತ್ತಿಗೆಗೆ ಸುತ್ತಿದ್ದ.

ಅಲ್ಲಿಗೆ ಬಂದೆವಲ್ಲ? ಕಣ್ಣು ಕತ್ತಲಿಟ್ಟಿತ್ತು. ಕಿವಿಯಲ್ಲಿ ಗುಂಯ್ ಅಂತ ಸದ್ದು.

ಆಗ ಬಾಗಿಲಲ್ಲಿ ನಮ್ಮಕ್ಕನ ಧ್ವನಿ.

"ಬಿಡೋ ಅವನನ್ನ! ಬಿಡ್ತೀಯೋ ಇಲ್ಲ ಒಂದು ಸ್ಟಾರ್ ಹಾಕ್ಲೋ!"

ಅವಳ ಕೈಯಲ್ಲಿ ಲಟ್ಟಣಿಗೆ ಇರಲಿಲ್ಲ, ಕತ್ತಿ ಇರಲಿಲ್ಲ. ಫೋನಿತ್ತು ಸ್ವಾಮಿ! ನನಗೆ ಸಾಯುವ ಹೊತ್ತಿನಲ್ಲೂ ಹಣೆ ಚಚ್ಚಿಕೊಳ್ಳೋಣ ಅನ್ನಿಸಿತು.

ಆದರೆ...

ಹಗ್ಗ ಸಡಿಲವಾಯಿತು!

"ಮೇಡಂ... ಒಂದು ನಿಮಿಷ," ಎಂದ ಅವನು. "ಒಂದು ಸ್ಟಾರ್ ಯಾಕೆ ಮೇಡಂ? ನಾನು ರೂಮನ್ನ ನೀಟಾಗಿ ಇಟ್ಟಿದೀನಿ. ಬೇಕಾದ್ರೆ ನೋಡಿ..."

ಹೆಂಡತಿಯ ಕೈ ಮುರಿದವನು! ನನ್ನ ಉಸಿರು ನಿಲ್ಲಿಸಲು ಹೊರಟವನು! ಒಂದು ಸ್ಟಾರಿಗೆ ಬೆವೆತುಬಿಟ್ಟ. ಹೊರಗಿನವರ ಕಣ್ಣಿಗೆ ತಾನು ಒಳ್ಳೆಯವನು ಅನ್ನುವುದೊಂದೇ ಅವನ ಆಸ್ತಿ. ಅದಕ್ಕೆ ಕುಂದು ಬರುವುದನ್ನು ಅವನಿಂದ ಸಹಿಸಲಾಗಲಿಲ್ಲ.

ನಾನು ಮೊಣಕೈಯನ್ನು ಹಿಂದಕ್ಕೆ ಬೀಸಿದೆ. ಅವನ ಮೂಗಿನಲ್ಲಿ ಏನೋ ಲಟಕ್ಕೆಂದಿತು!

ಅಷ್ಟರಲ್ಲಿ ಕೆಳಗೆ ಹಾರ್ನ್. ಟ್ಯಾಕ್ಸಿ! ಅವನು ಗೋಡೆಯಿಂದ ಬಗ್ಗಿ ನೋಡಿದ. ಹೆಂಡತಿ ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ನುಗ್ಗುತ್ತಿದ್ದಳು. ಅವನು ಹಿಂಬದಿಯ ಕಬ್ಬಿಣದ ಮೆಟ್ಟಿಲಿನಿಂದ ದಡದಡ ಇಳಿದು ತನ್ನ ಕಾರು ಹತ್ತಿದ.

ನಾನು ಅಕ್ಕನ ಸ್ಕೂಟರ್ ಏರಿದೆ. ಅದರ ಬುಟ್ಟಿಯಲ್ಲಿ ತರಕಾರಿ ಹಾಗೇ ಇತ್ತು. ಮುಂದೆ ಟ್ಯಾಕ್ಸಿ, ಅದರ ಬೆನ್ನಿಗೆ ಅವನು, ಅವನ ಬೆನ್ನಿಗೆ ನಾನು! ಮಾರ್ಕೆಟ್ ರಸ್ತೆ... ಸ್ಕೂಲಿನ ತಿರುವು... ಟೊಮೇಟೊ ರಸ್ತೆ ತುಂಬ ಉರುಳಿದವು. ಟ್ಯಾಕ್ಸಿ ದೊಡ್ಡ ಸರ್ಕಲ್ ದಾಟಿತು.

ಸಿಗ್ನಲ್ ಕೆಂಪಾಯಿತು.

ಅವನು ಬ್ರೇಕ್ ಹಾಕಿದ!

ನಂಬುತ್ತೀರಾ? ಸರ್ಕಲ್ಲಿನಲ್ಲಿ ಒಬ್ಬ ಟ್ರಾಫಿಕ್ ಪೊಲೀಸ್ ನಿಂತಿದ್ದ, ಅಕ್ಕಪಕ್ಕ ಜನ ನೋಡುತ್ತಿದ್ದರು. ಇವನು ಮೂಗಿನ ರಕ್ತ ಒರೆಸಿಕೊಂಡು, ಗೆರೆ ದಾಟದಂತೆ ನೀಟಾಗಿ ಕಾರು ನಿಲ್ಲಿಸಿದ. ನಾನು ಕಿಟಕಿಯೊಳಗೆ ಕೈಹಾಕಿ ಕೀ ಕಿತ್ತುಕೊಂಡೆ.

"ಸಾರ್, ಎಲ್ಲರೂ ನೋಡ್ತಿದಾರೆ," ಎಂದ, ಪಿಸುಮಾತಿನಲ್ಲಿ.

"ನೋಡ್ಲಿ ಅಂತಾನೇ," ಎಂದು ಕಾಲರ್ ಹಿಡಿದು ಹೊರಗೆಳೆದೆ.

ಪೊಲೀಸ್ ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರು ಅವನ ರಿವ್ಯೂಗಳನ್ನು ಓದಿದರು. ಒಂದಲ್ಲ, ಅಷ್ಟೂ! "ಇಂಥವರು ಹೀಗೆ ಮಾಡಿದರೇ?" ಎಂದು ನನ್ನ ಕುತ್ತಿಗೆಯ ಗಾಯವನ್ನೇ ಅನುಮಾನದಿಂದ ನೋಡಿದರು. ಅವನ ವಕೀಲ ಅದೇ ರಿವ್ಯೂಗಳನ್ನು ಪ್ರಿಂಟ್ ಹಾಕಿಸಿ ಕೋರ್ಟಿಗೆ ಕೊಟ್ಟ. ವಾರ ತುಂಬುವ ಮೊದಲೇ ಜಾಮೀನು! ಅವನು ಹೊರಗಿದ್ದಾನೆ. ಬಿಳಿ ಅಂಗಿ ಹಾಕಿಕೊಂಡು ಓಡಾಡುತ್ತಿದ್ದಾನೆ.

ಭಾವ ಅವನಿಗೆ ಒಂದು ಸ್ಟಾರ್ ಹಾಕಿದರು. ಸರಾಸರಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಅಕ್ಕ ತಾನು ಬರೆದದ್ದನ್ನು ಅಳಿಸಲು ನೋಡಿದಳು. ಕಂಪನಿಗೆ ಫೋನ್ ಮಾಡಿ ಅತ್ತಳು. "ಒಳ್ಳೆಯ ರಿವ್ಯೂ ತೆಗೆಯಲು ನಿಯಮದಲ್ಲಿ ಅವಕಾಶ ಇಲ್ಲ ಮೇಡಂ" ಅಂದರಂತೆ.

ಆ ಹೆಂಗಸಿನ ಖಾತೆ ಬಂದ್ ಮಾಡಿಸಿದೆ. ನನ್ನ ಐಡಿ ಇಟ್ಟು ಬೇರೆಯದು ತೆರೆದುಕೊಟ್ಟೆ. ಅದು ನಿಯಮಕ್ಕೆ ವಿರುದ್ಧ. ನಿಯಮ ಮಾಡಿದವರ ಕುತ್ತಿಗೆಗೆ ಹಗ್ಗ ಬಿದ್ದಿಲ್ಲ, ಬಿಡಿ.

ಆ ಖಾತೆಯಿಂದ ಇವತ್ತು ಬೆಳಿಗ್ಗೆ ನಿಮಗೆ ಒಂದು ರಿಕ್ವೆಸ್ಟ್ ಬಂದಿದೆ ಸ್ವಾಮಿ. ಒಬ್ಬ ಹೆಂಗಸು, ಒಂದು ಮಗು. ಅವರಿಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾರೆ. ರಿವ್ಯೂ ಇಲ್ಲ ಅಂತ ನೀವು ರಿಜೆಕ್ಟ್ ಒತ್ತುವವರಿದ್ದಿರಿ, ಅದಕ್ಕೇ ನಾನು ನಿಮ್ಮ ಮನೆ ಬೆಲ್ ಒತ್ತಿದ್ದು.

ಅಕ್ಸೆಪ್ಟ್ ಒತ್ತಿ... ಹಾಂ, ಹಾಗೆ!

ಇನ್ನೊಂದು ಮಾತು. ಅವರು ಹೋದ ಮೇಲೆ ಅಪ್ಪಿತಪ್ಪಿ ಒಂದು ಒಳ್ಳೆಯ ಮಾತು ಬರೆದಿರೋ, ನಿಮ್ಮ ಮೂಗೂ ಲಟಕ್ಕೆನ್ನುತ್ತದೆ!